ಗಂಜಿಯೋ, ಫ್ರೈಡ್ ರೈಸೋ, ನೂಡಲ್ಸೋ? ಕಡಿಮೆ ಖರ್ಚಿನ ಏಷ್ಯನ್ ಅಡುಗೆಗಳಲ್ಲಿ ನಿಮ್ಮ ಮನೆಗೆ ಯಾವುದು

ಏಷ್ಯಾದ ಅಡುಗೆ ಮನೆಯಲ್ಲೇ ಮಾಡಿಕೊಂಡರೆ ಅಗ್ಗ ಎನ್ನುವ ಮಾತು ಅರ್ಧ ನಿಜ. ಉಳಿದರ್ಧ ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಂತಿರುತ್ತದೆ: ಎರಡು ಚಮಚ ಬಳಸಿ ಮರೆತ ಆಯ್ಸ್ಟರ್ ಸಾಸ್, ಮುಚ್ಚಳ ಕಚ್ಚಿಕೊಂಡ ಕೊರಿಯನ್ ಮೆಣಸಿನ ಪೇಸ್ಟ್, ಯಾವಾಗ ತೆರೆದದ್ದೋ ನೆನಪಿಲ್ಲದ ಫಿಶ್ ಸಾಸ್. ನಾನು ಶುರುಮಾಡಿದಾಗಲೂ ಹೀಗೇ ಆಯಿತು. ಒಂದು ವಾರ ಥಾಯ್, ಮುಂದಿನ ವಾರ ಕೊರಿಯನ್, ಅದರ ಮುಂದಿನ ವಾರ ಜಪಾನಿ ಎಂದು ಉತ್ಸಾಹದಲ್ಲಿ ಹೊರಟೆ. ತಿಂಗಳ ಕೊನೆಗೆ ಚೀಟಿಗಳನ್ನು ಕೂಡಿಸಿ ನೋಡಿದರೆ ಅಕ್ಕಿ, ತರಕಾರಿ, ಮೊಟ್ಟೆಗೆ ಕೊಟ್ಟದ್ದಕ್ಕಿಂತ ಬಾಟಲಿಗಳಿಗೆ ಕೊಟ್ಟದ್ದೇ ಹೆಚ್ಚು. ಒಂದೊಂದಾಗಿ ನೋಡಿದರೆ ಎಲ್ಲವೂ ಅಗ್ಗದ ಅಡುಗೆಗಳೇ. ಒಟ್ಟಿಗೆ ಸೇರಿದಾಗ ಕೈ ಸುಟ್ಟವು.

ಹಾಗಾಗಿ ಯಾವ ತಿನಿಸು ಅಗ್ಗ ಎಂದು ಹೋಲಿಸುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಇವತ್ತಿನ ಅಡುಗೆಯಲ್ಲಿ ಮಿಕ್ಕಿದ್ದು ನಾಳೆಯ ಅಡುಗೆಗೆ ಆಗುತ್ತದೆಯೇ? ಬಾಟಲಿಗೂ ಅನ್ನಕ್ಕೂ ಕೋಳಿಮೂಳೆಗೂ ನಾನು ಹಾಕುವುದು ಇದೊಂದೇ ಅಳತೆಗೋಲು.

ಯಾವ ದೇಶದ ಕಪಾಟು?

ಒಂದು ಸಲಕ್ಕೆ ಒಂದೇ ಕಪಾಟು, ಅಂದರೆ ಒಂದೇ ದೇಶದ ಸಾಸು, ಮಸಾಲೆ. ಅದು ಖಾಲಿಯಾಗುವ ಹೊತ್ತಿಗೆ ಬೇಕಿದ್ದರೆ ಇನ್ನೊಂದು.

ಹೊಸಬರಿಗೆ ನಾನು ಮೊದಲು ಹೇಳುವುದು ಫಿಲಿಪೀನ್ಸಿನ ಅಡೋಬೊ. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಇಡೀ ಕಾಳುಮೆಣಸು, ಲಾರೆಲ್ ಎಲೆ (ಪಲಾವಿಗೆ ಹಾಕುವ ಎಲೆಯೂ ನಡೆಯುತ್ತದೆ). ಇಷ್ಟೇ ಸಾಮಾನು, ಇದರಲ್ಲಿ ಬೇಗ ಕೆಡುವಂಥದ್ದು ಒಂದೂ ಇಲ್ಲ. ಕೋಳಿಗೆ ಮಾತ್ರ ಅಂತಲ್ಲ. ಅಲ್ಲಿನವರು ಅಲಸಂದೆಕಾಯಿ, ಬದನೆಕಾಯಿ, ಸೊಪ್ಪನ್ನೂ ಇದೇ ರಸದಲ್ಲಿ ಬೇಯಿಸುತ್ತಾರೆ. ಮಾಂಸ ತರಲಾಗದ ವಾರ ಬೇಯಿಸಿದ ಮೊಟ್ಟೆ ಹಾಕಿದರೂ ಅಡೋಬೊ ಅಡೋಬೊವೇ.

ಚೀನಾದ ಮನೆ ಅಡುಗೆ ಇದಕ್ಕೆ ಹತ್ತಿರದ ಪೈಪೋಟಿ. ಸೋಯಾ ಸಾಸ್, ವಿನೆಗರ್ ಹೇಗೂ ಇವೆ, ಅದಕ್ಕೆ ಒಣಮೆಣಸಿನಕಾಯಿ, ಶುಂಠಿ, ಈರುಳ್ಳಿ ಹೂವು, ಕಾರ್ನ್‌ಫ್ಲೋರ್ ಸೇರಿಸಿದರೆ ಹತ್ತಾರು ಪಲ್ಯಗಳು ಸಿದ್ಧ. ಟೊಮೆಟೊ–ಮೊಟ್ಟೆಯ ಪಲ್ಯ ಇದಕ್ಕೆ ಒಳ್ಳೆಯ ಉದಾಹರಣೆ: ಮೊಟ್ಟೆಯನ್ನು ಮೊದಲು ಅರೆಬೆಂದಂತೆ ಹುರಿದು ತೆಗೆದಿಟ್ಟು, ಅದೇ ಬಾಣಲೆಯಲ್ಲಿ ಟೊಮೆಟೊ ಕರಗಿಸಿ, ಚಿಟಿಕೆ ಸಕ್ಕರೆ ಹಾಕಿ, ಮೊಟ್ಟೆಯನ್ನು ಮತ್ತೆ ಒಳಗೆ ಬಿಟ್ಟರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಕೊರಿಯಾದ ಕಪಾಟು ಮೊದಲ ದಿನ ಜೇಬಿಗೆ ಭಾರ. ಗೊಚುಜಾಂಗ್ ಎಂಬ ಮೆಣಸಿನ ಪೇಸ್ಟ್, ದೋಯೆನ್‌ಜಾಂಗ್ ಎಂಬ ಸೋಯಾ ಪೇಸ್ಟ್, ಮೆಣಸಿನ ತರಿ, ಎಳ್ಳೆಣ್ಣೆ ಎಲ್ಲವನ್ನೂ ಒಮ್ಮೆಗೇ ತರಬೇಕು. ಆದರೆ ಹುದುಗಿಸಿದ ಪೇಸ್ಟುಗಳು ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತವೆ, ಹುಳಿಯೇರಿ ಹಾಗೇ ತಿನ್ನಲಾಗದ ಕಿಮ್ಚಿ (ಹುದುಗಿಸಿದ ಎಲೆಕೋಸಿನ ಉಪ್ಪಿನಕಾಯಿ) ಸ್ಟ್ಯೂಗೆ ಇನ್ನೂ ಚೆನ್ನ. ವಾರಕ್ಕೆ ಎರಡು ಸಲವಾದರೂ ಮಾಡುವವರಿಗೆ ಇದು ಲಾಭ, ಅಪರೂಪಕ್ಕೆ ಮಾಡುವವರಿಗೆ ನಷ್ಟ. ಜಪಾನಿನ ಸೋಯಾ ಪೇಸ್ಟಾದ ಮಿಸೋಗೂ ಇದೇ ಮಾತು. ಇಂಡೋನೇಷ್ಯಾದ ಫ್ರೈಡ್ ರೈಸ್ ನಾಸಿ ಗೊರೆಂಗ್‌ಗೆ ಬೇಕಾಗುವ ಸಿಹಿ ಸೋಯಾ ಸಾಸ್‌ಗಾಗಿ ಬೇರೆ ಬಾಟಲಿ ತರುವ ಅಗತ್ಯವೇ ಇಲ್ಲ. ಇರುವ ಸೋಯಾ ಸಾಸ್‌ಗೆ ಅಷ್ಟೇ ತಾಳೆಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಪಾಕದಂತೆ ಮಂದವಾಗುವವರೆಗೆ ಕುದಿಸಿದರೆ ಹತ್ತಿರ ಹತ್ತಿರ ಅದೇ ರುಚಿ.

ಬಡಿವಾರವಿಲ್ಲದೆ ಹೇಳುವುದಾದರೆ, ಉಳಿತಾಯವೇ ಗುರಿಯಾದವರು ಥಾಯ್ ಮತ್ತು ವಿಯೆಟ್ನಾಮಿ ಅಡುಗೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು. ತಪ್ಪು ಆ ಅಡುಗೆಯದಲ್ಲ. ಅದರ ಜೀವವೆಲ್ಲ ಹಸಿ ಸೊಪ್ಪುಗಳಲ್ಲಿದೆ. ಮಜ್ಜಿಗೆಹುಲ್ಲು, ಥಾಯ್ ತುಳಸಿ, ಪುದೀನ ಕಟ್ಟುಕಟ್ಟಾಗಿ ತಂದರೆ ನಾಲ್ಕು ಎಸಳು ಬಳಸಿ ಉಳಿದದ್ದು ಫ್ರಿಜ್ಜಿನ ಮೂಲೆಯಲ್ಲಿ ಕಪ್ಪಾಗುತ್ತದೆ. ಹಿತ್ತಲಲ್ಲಿ ಬೆಳೆದುಕೊಳ್ಳುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಮೊದಲು ಇದನ್ನೇ ಹಿಡಿಯಲಿ.

ಬೇಳೆಯೂ ಜೀರಿಗೆ, ಅರಿಸಿನವೂ ಈಗಾಗಲೇ ಡಬ್ಬದಲ್ಲಿರುವ ಮನೆಗೆ ದಕ್ಷಿಣ ಏಷ್ಯಾದ ಕಪಾಟಿಗಿಂತ ಅಗ್ಗದ್ದು ಇಲ್ಲ. ಆದರೆ ಅದನ್ನೇ ದಿನಾ ತಿಂದು ಬೇಸತ್ತವರೇ ಇಂಥ ಬರಹಗಳನ್ನು ಓದುವುದು, ಅದೂ ಗೊತ್ತು.

ಬಾಟಲಿಯ ವಿಷಯಕ್ಕೆ ಇನ್ನೊಂದು ಕಿವಿಮಾತು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ, ಅಂದರೆ ಎರಡು ಗ್ರಾಂ ಮೀರಿದ ಉಪ್ಪು. ಫಿಶ್ ಸಾಸ್‌ನಲ್ಲಿ ಇನ್ನೂ ಹೆಚ್ಚು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾಸ್ ಹಾಕುವ ಅಡುಗೆಗೆ ಬೇರೆ ಉಪ್ಪು ಹಾಕುವ ಕೈಯನ್ನು ಹಿಡಿದುಕೊಳ್ಳಬೇಕು. ಬಾಟಲಿಯೂ ಹೆಚ್ಚು ದಿನ ಬರುತ್ತದೆ.

ರುಚಿ ಕಡಿಮೆಯಾಯಿತೆಂದು ಕೊರಗುವವರಿಗೆ ಒಣ ಶಿಟಾಕೆ ಅಣಬೆ. 1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಎಂಬ ರುಚಿವಸ್ತುವನ್ನು ಬೇರ್ಪಡಿಸಿ, ಮಾಂಸದ ಸಾರಿನಂಥ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸೋಯಾ ಸಾಸ್, ಮಿಸೋ ಎರಡರಲ್ಲೂ ಇರುವುದು ಅದೇ. ಒಣ ಅಣಬೆಯಲ್ಲಿರುವುದು ಗ್ವಾನಿಲೇಟ್ ಎಂಬ ಬೇರೆ ವಸ್ತು, ಎರಡೂ ಸೇರಿದರೆ ರುಚಿ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಎರಡೇ ಎರಡು ಅಣಬೆ ನೆನೆಸಿ, ಆ ನೆನೆದ ಕಂದು ನೀರನ್ನು ಚೆಲ್ಲದೆ ಸಾರಿಗೆ ಹಾಕಿ ನೋಡಿ. ಮಾಂಸವಿಲ್ಲದ ಪಾತ್ರೆಯಲ್ಲಿ ಮಾಂಸ ಎಲ್ಲಿ ಎಂದು ಮಕ್ಕಳು ಸೌಟು ಹಾಕಿ ಹುಡುಕುತ್ತಾರೆ.

ಅಕ್ಕಿ ಒಂದೇ, ದಾರಿ ಮೂರು

ಗಂಜಿಯನ್ನು ಕಾಯಿಲೆಯವರ ಊಟ ಎಂದು ಬದಿಗಿಡುವವರು ಏಷ್ಯಾದ ನಕ್ಷೆಯನ್ನೊಮ್ಮೆ ನೋಡಬೇಕು. ದಕ್ಷಿಣ ಚೀನಾದ ಕ್ಯಾಂಟನೀಸರ ಜುಕ್, ಜಪಾನಿನ ಒಕಾಯು, ಫಿಲಿಪೀನ್ಸಿನ ಲುಗಾವ್, ಇಂಡೋನೇಷ್ಯಾದ ಬುಬುರ್, ಥಾಯ್‌ಲ್ಯಾಂಡಿನ ಜೋಕ್ ಎಲ್ಲವೂ ಗಂಜಿಯೇ. ಇಂಗ್ಲಿಷಿನವರು ಇದಕ್ಕೆ ಬಳಸುವ ಕಾಂಜಿ ಎಂಬ ಪದವೂ ತಮಿಳಿನ ಕಂಜಿಯಿಂದ ಹೋದದ್ದು, ಅಂದರೆ ನಮ್ಮ ಗಂಜಿಯ ದಾಯಾದಿ.

ಒಂದು ಲೋಟ ಅಕ್ಕಿಗೆ ಎಂಟರಿಂದ ಹತ್ತು ಲೋಟ ನೀರು. ನಾಲ್ಕು ಜನರ ಬಟ್ಟಲು ತುಂಬುತ್ತದೆ. ಮಾಮೂಲಿಯಾಗಿ ಮಾಡಿದರೆ ಒಂದು ಗಂಟೆ ಒಲೆ ಉರಿಯಬೇಕು, ಅಕ್ಕಿಯಲ್ಲಿ ಉಳಿಸಿದ್ದು ಗ್ಯಾಸಿಗೆ ಹೋಯಿತು. ಇದಕ್ಕೊಂದು ಉಪಾಯವಿದೆ. ಅಕ್ಕಿ ತೊಳೆದು ನೀರು ಬಸಿದು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಕಾಳಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಕಾಳನ್ನು ಒಳಗಿನಿಂದಲೇ ಸೀಳಿರುತ್ತದೆ. ಬೆಳಿಗ್ಗೆ ಆ ಗಡ್ಡೆಯನ್ನು ಹಾಗೇ ಕುದಿಯುವ ನೀರಿಗೆ ಬಿಟ್ಟರೆ ಮೊದಲು ತಳದಲ್ಲಿ ಚಟಚಟ ಸದ್ದು, ಹತ್ತು ನಿಮಿಷಕ್ಕೆ ಕಾಳು ಬಿರಿಯುತ್ತದೆ, ಇಪ್ಪತ್ತು ನಿಮಿಷಕ್ಕೆ ನೀರು ಯಾವುದು ಅಕ್ಕಿ ಯಾವುದು ಗೊತ್ತಾಗದ ಹಾಗೆ ಒಂದಾಗುತ್ತದೆ. ಉಕ್ಕದಂತೆ ಪಾತ್ರೆಯ ಬಾಯಿಗೆ ಮರದ ಸೌಟು ಅಡ್ಡ ಇಟ್ಟುಕೊಳ್ಳಿ.

ಗಂಜಿಯ ಕೊರತೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದು ಹೊಟ್ಟೆಯನ್ನು ನೀರಿನಿಂದ ತುಂಬಿಸುತ್ತದೆ. ಒಂದು ಲೋಟ ಅಕ್ಕಿಯಲ್ಲಿ ನಾಲ್ವರು ಎಂದರೆ ತಲೆಗೆ ಐವತ್ತು ಗ್ರಾಂ ಅಕ್ಕಿ, ಮೂರು–ಮೂರೂವರೆ ಗ್ರಾಂ ಪ್ರೋಟೀನ್. ಬೆಳಿಗ್ಗೆ ಎಂಟಕ್ಕೆ ಕುಡಿದ ಶಾಲೆಯ ಮಗುವಿಗೆ ಹತ್ತೂವರೆಗೆ ಹಸಿವು. ಮೈಮುರಿದು ದುಡಿಯುವವರಿಗಂತೂ ಸಾಲದು. ವಯಸ್ಸಾದವರಿಗೆ, ಚಿಕ್ಕಮಕ್ಕಳಿಗೆ, ರಾತ್ರಿಯೂಟ ಹಗುರವಿರಲಿ ಎನ್ನುವವರಿಗೆ ಸರಿ. ಉಳಿದವರಿಗೆ ಮೇಲೊಂದು ಮೊಟ್ಟೆಯೋ ಹುರಿದ ಶೇಂಗಾ, ತೋಫುವೋ (ಸೋಯಾಹಾಲಿನ ಪನ್ನೀರು) ಬೀಳಲೇಬೇಕು.

ಇಲ್ಲಿ ಕಿಚಡಿ ಗೆಲ್ಲುತ್ತದೆ. 200 ಗ್ರಾಂ ಅಕ್ಕಿಗೆ 100 ಗ್ರಾಂ ಹೆಸರುಬೇಳೆ ಹಾಕಿದರೆ ಅಕ್ಕಿಯಿಂದ ಸುಮಾರು 14, ಬೇಳೆಯಿಂದ ಸುಮಾರು 24, ಒಟ್ಟು 38 ಗ್ರಾಂ ಪ್ರೋಟೀನ್. ಅಕ್ಕಿಯಲ್ಲಿ ಕಡಿಮೆಯಿರುವ ಲೈಸೀನ್ ಎಂಬ ಅಮೈನೊ ಆಮ್ಲ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಕುಕ್ಕರಿನಲ್ಲಿ ಒಂದೇ ಪಾತ್ರೆ, ಮೂರ್ನಾಲ್ಕು ವಿಷಲ್. ಖರ್ಚು, ಸಮಯ, ಪೋಷಣೆ ಮೂರನ್ನೂ ಒಟ್ಟಿಗೆ ತೂಗಿದರೆ ಇದನ್ನು ಸೋಲಿಸುವ ಊಟ ನನಗಂತೂ ಸಿಕ್ಕಿಲ್ಲ. ಸಂಭ್ರಮ ಸಾಲದು, ಅಷ್ಟೇ.

ಸಂಭ್ರಮಕ್ಕೆ ಫ್ರೈಡ್ ರೈಸ್. ಅದು ಹುಟ್ಟಿರುವುದೇ ಮಿಕ್ಕ ಅನ್ನಕ್ಕಾಗಿ. ಬಿಸಿ ಅನ್ನದಲ್ಲಿ ಮಾಡಿದರೆ ಮುದ್ದೆಯಾಗುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದು ಮೇಲೆ ಒಣಗಿದ ಅನ್ನ ಉದುರುದುರಾಗಿ ಬರುತ್ತದೆ. ತಂಗಳನ್ನ ಇಲ್ಲದಿದ್ದರೆ ಹೊಸ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಅರ್ಧ ಗಂಟೆ ಫ್ಯಾನಿನ ಕೆಳಗಿಟ್ಟರೂ ಕೆಲಸ ನಡೆಯುತ್ತದೆ. ಅರ್ಧ ಕ್ಯಾರೆಟ್, ಒಂದು ಹಿಡಿ ಎಲೆಕೋಸು, ನಿನ್ನೆಯ ಬೀನ್ಸ್ ಪಲ್ಯ, ಹೀಗೆ ಒಂದೊಂದಾಗಿ ಯಾವುದಕ್ಕೂ ಸಾಲದ ಚೂರುಗಳಿಗೆಲ್ಲ ಇದು ಆಶ್ರಯ. ಎಣ್ಣೆ ಮಾತ್ರ ಕೈಬಿಗಿ ಹಿಡಿದರೆ ಆಗುವುದಿಲ್ಲ, ಉರಿ ಜೋರಿರಬೇಕು, ನಾಲ್ಕು ಜನಕ್ಕೆ ಒಂದೇ ಸಲ ಬಾಣಲೆಗೆ ಸುರಿಯಬಾರದು. ಎರಡು ಕಂತಿನಲ್ಲಿ ಹುರಿಯಿರಿ. ಒಂದೇ ಸಲ ಸುರಿದರೆ ಅನ್ನ ಹುರಿಯುವುದಿಲ್ಲ, ತನ್ನ ಹಬೆಯಲ್ಲೇ ಬೇಯುತ್ತದೆ.

ಇಲ್ಲಿ ಉಳಿತಾಯ ಮಾಡಬಾರದ ಒಂದು ಜಾಗವಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು, ಅವು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಇದ್ದರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಎಷ್ಟು ಹುರಿದರೂ ಹೋಗುವುದಿಲ್ಲ. ಬೆಂದ ಒಂದು ಗಂಟೆಯೊಳಗೆ ಅನ್ನವನ್ನು ಅಗಲ ಪಾತ್ರೆಗೆ ಹರವಿ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಿ. ರಾತ್ರಿಯಿಡೀ ಒಲೆಯ ಪಕ್ಕ ಕೂತಿದ್ದ ಅನ್ನವನ್ನು ಎಸೆಯುವುದು ದುಂದಲ್ಲ.

ನೂಡಲ್ಸಿನ ಲೆಕ್ಕ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಣ ಗೋಧಿ ನೂಡಲ್ಸ್‌ನಲ್ಲಿ 100 ಗ್ರಾಮಿಗೆ ಹತ್ತು–ಹನ್ನೆರಡು ಗ್ರಾಂ ಪ್ರೋಟೀನ್ ಇರುತ್ತದೆ, ಅಕ್ಕಿ ನೂಡಲ್ಸ್‌ನಲ್ಲಿ ಅದಕ್ಕಿಂತ ಕಡಿಮೆ. ಹೆಸರುಕಾಳಿನಿಂದ ಮಾಡಿದ ಗಾಜಿನಂತೆ ಹೊಳೆಯುವ ನೂಡಲ್ಸ್ ನೋಡಿ ಕಾಳಿನ ಸತ್ವವಿದೆ ಎಂದು ಮೋಸ ಹೋಗಬೇಡಿ. ಅದು ಬರೀ ಪಿಷ್ಟ, ಪ್ರೋಟೀನ್ ಹೆಚ್ಚುಕಡಿಮೆ ಸೊನ್ನೆ.

1958ರಲ್ಲಿ ಜಪಾನಿನಲ್ಲಿ ಮೊಮೊಫುಕು ಆಂಡೊ ತಯಾರಿಸಿ ಮಾರುಕಟ್ಟೆಗೆ ತಂದ ಇನ್‌ಸ್ಟಂಟ್ ನೂಡಲ್ಸ್ ಈಗ ಎಲ್ಲೆಡೆ ಅಗ್ಗದ ಊಟದ ಇನ್ನೊಂದು ಹೆಸರು. ಮನೆಮಂದಿಗೆಲ್ಲ ಎಂದು ಲೆಕ್ಕ ಹಾಕಿದರೆ ಅಷ್ಟೇನೂ ಅಗ್ಗವಲ್ಲ: ನಾಲ್ಕು ಪೊಟ್ಟಣದ ದುಡ್ಡಿಗೆ ಎಷ್ಟು ಅಕ್ಕಿ, ಎಷ್ಟು ಮೊಟ್ಟೆ ಬರುತ್ತದೆ ಎಂದು ಒಮ್ಮೆ ಅಂಗಡಿಯಲ್ಲೇ ನಿಂತು ನೋಡಿ. ಮಕ್ಕಳು ಬಿಡುವುದಿಲ್ಲ ಎಂದಾದರೆ ಮಸಾಲೆ ಅರ್ಧ ಹಾಕಿ, ಕೋಸು ಮತ್ತು ಮೊಟ್ಟೆ ಸೇರಿಸಿ. ಪೊಟ್ಟಣದ ಹಿಂದೆ ಬರೆದ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ತಿಳಿಯುತ್ತದೆ. ಗುಣಿಸಿದ ಮೇಲೆ ಇಡೀ ಮಸಾಲೆ ಹಾಕುವ ಮನಸ್ಸು ಬರುವುದಿಲ್ಲ.

ಮೊಟ್ಟೆ, ತೋಫು, ಕಾಳು, ಕೋಳಿ

ಕಿಲೋ ಲೆಕ್ಕದಲ್ಲಿ ಹೋಲಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಕಿಲೋ ಬೆಲೆಯನ್ನು ಅದರಲ್ಲಿರುವ ಪ್ರೋಟೀನಿನ ಗ್ರಾಮಿನಿಂದ ಭಾಗಿಸಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 100 ಗ್ರಾಂ ಲೆಕ್ಕದಲ್ಲಿ ಒಣ ಸೋಯಾಕಾಳಿನಲ್ಲಿ ಸುಮಾರು 36, ಒಣ ಬೇಳೆಕಾಳುಗಳಲ್ಲಿ 22ರಿಂದ 24, ಮೂಳೆಯಿಲ್ಲದ ಹಸಿ ಕೋಳಿಯಲ್ಲಿ ಸುಮಾರು 20, ಜಾವಾದ ಟೆಂಪೆಯಲ್ಲಿ (ಹುದುಗಿಸಿ ಗಟ್ಟಿಯಾಗಿಸಿದ ಸೋಯಾಕಾಳು) ಸುಮಾರು 19, ಗಟ್ಟಿ ತೋಫುವಿನಲ್ಲಿ ನೀರು ಎಷ್ಟು ಹಿಂಡಿದ್ದಾರೆ ಎನ್ನುವುದರ ಮೇಲೆ 10ರಿಂದ 17. ಇಡೀ ಕೋಳಿ ತಂದರೆ ತೂಕದ ಮೂರರಲ್ಲಿ ಸುಮಾರು ಒಂದು ಪಾಲು ಮೂಳೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಲೆ ನಿಮ್ಮ ಕಡೆ ಎಷ್ಟಿದೆಯೋ ಹಾಕಿ ಭಾಗಿಸಿ ನೋಡಿ. ಒಣ ಕಾಳು ಹೆಚ್ಚಿನ ಕಡೆ ಮುಂದಿರುತ್ತದೆ. ಮೊಟ್ಟೆಗೂ ಕೋಳಿಗೂ ನಡುವಿನ ಸ್ಥಾನ ಮಾತ್ರ ಕಾಲಕ್ಕೆ ತಕ್ಕಂತೆ ಅದಲುಬದಲಾಗುತ್ತದೆ.

ತೋಫುವನ್ನು ಮನೆಯಲ್ಲೇ ಮಾಡಿದರೆ ಇನ್ನೂ ಅಗ್ಗ ಎನ್ನುತ್ತಾರೆ. ಮಾಡಿದ್ದೇನೆ. ಸೋಯಾಕಾಳು ನೆನೆಸಿ, ರುಬ್ಬಿ, ಹಿಂಡಿ, ಕಾಯಿಸಿ, ಒಡೆಸಿ, ಒತ್ತಿಡುವ ಹೊತ್ತಿಗೆ ಅಡುಗೆಮನೆಯ ಪಾತ್ರೆಯೆಲ್ಲ ಸಿಂಕಿನಲ್ಲಿ. ಹಿಂಡಿದ ಮೇಲೆ ಉಳಿಯುವ ಗಸಿಯನ್ನೂ ಬಳಸುವ ಶ್ರದ್ಧೆಯಿದ್ದರೆ ಮಾಡಿ, ಇಲ್ಲದಿದ್ದರೆ ಅಂಗಡಿಯದೇ ವಾಸಿ. ಅಂಗಡಿ ತೋಫುವನ್ನು ಒಮ್ಮೆ ಫ್ರೀಜರಿನಲ್ಲಿಟ್ಟು ಕರಗಿಸಿ ಹಿಂಡಿ ನೋಡಿ, ಸ್ಪಂಜಿನಂತಾಗಿ ಸಾರನ್ನೆಲ್ಲ ಹೀರುತ್ತದೆ. ತೋಫು ಸಪ್ಪೆ ಎಂದು ದೂರುವವರ ಬಾಯಿ ಅಲ್ಲಿಗೆ ಮುಚ್ಚುತ್ತದೆ.

ಹೆಸರುಕಾಳಿನ ಮೊಳಕೆಗೆ ಇನ್ನೊಂದು ಗುಣ. ಕತ್ತಲಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ನೀರು ಹಾಯಿಸಿ ನಾಲ್ಕೈದು ದಿನ ಬಿಟ್ಟರೆ ಒಂದು ಹಿಡಿ ಕಾಳು ಒಂದು ಪಾತ್ರೆ ತರಕಾರಿಯಾಗುತ್ತದೆ. ಹೆಚ್ಚಿದ್ದೆಲ್ಲ ನೀರೇ, ಪ್ರೋಟೀನಲ್ಲ. ಆದರೆ ತರಕಾರಿ ದುಬಾರಿಯಾದ ವಾರ ಅದೂ ಬೇಕು. ಹಸಿ ತಿನ್ನಬೇಡಿ, ಮೊಳಕೆ ಬೆಳೆಯುವ ಬೆಚ್ಚನೆ ತೇವದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಬೆಳೆಯುತ್ತವೆ. ಜೋರು ಉರಿಯಲ್ಲಿ ಚೆನ್ನಾಗಿ ಬಿಸಿಯೇರಿಸಿ ತಿನ್ನಿ.

ಮಾಂಸ ಬಿಡಲಾಗದ ಮನೆಗೆ ಚೀನಾದವರ ಎರಡು ಜಾಣತನ. ಒಂದು, ಸಿಚುವಾನ್‌ನ ಮಾಪೊ ತೋಫು: 400 ಗ್ರಾಂ ತೋಫುವಿಗೆ ಬರೀ 100 ಗ್ರಾಂ ಕೈಮಾ. ಮಾಂಸ ಇಲ್ಲಿ ಊಟವಲ್ಲ, ಒಗ್ಗರಣೆ. ಇನ್ನೊಂದು, ಗಟ್ಟಿ ಎಂದು ಅಗ್ಗಕ್ಕೆ ಸಿಗುವ ಮಾಂಸವನ್ನು ಮೆತ್ತಗಾಗಿಸುವುದು. ಅರೆ ಹೆಪ್ಪುಗಟ್ಟಿದಾಗ ಎಳೆಗೆ ಅಡ್ಡಲಾಗಿ ತೆಳ್ಳಗೆ ಹೆಚ್ಚಿ, 200 ಗ್ರಾಮಿಗೆ ಒಂದೊಂದು ಸಣ್ಣ ಚಮಚ ಕಾರ್ನ್‌ಫ್ಲೋರ್, ಸೋಯಾ ಸಾಸ್ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಚೂರಿಯನ್ನು ಎಳೆಯ ಉದ್ದಕ್ಕೆ ಓಡಿಸಿದರೆ ಏನು ಹಚ್ಚಿದರೂ ಜಗಿದು ದವಡೆ ನೋಯುತ್ತದೆ.

ಹಬೆಯಲ್ಲಿ ಬೇಯಿಸಿದ ಚೀನಿ ಮೊಟ್ಟೆಯನ್ನು ಅಗ್ಗದ ಪವಾಡ ಎಂದು ಹೊಗಳುವುದುಂಟು. ಮೂರು ಮೊಟ್ಟೆಗೆ ಅಳತೆಯಲ್ಲಿ ಅದರ ಎರಡರಷ್ಟು ಉಗುರುಬೆಚ್ಚಗಿನ ನೀರು, ಸೋಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು–ಹನ್ನೆರಡು ನಿಮಿಷ. ಅಲುಗಿಸಿದರೆ ಬಟ್ಟಲಿನ ನಡುವೆ ಮೆಲ್ಲಗೆ ನಡುಗುತ್ತದೆ, ಮೇಲೆ ನಾಲ್ಕು ಹನಿ ಸೋಯಾ ಸಾಸ್. ತುಂಬ ಚೆನ್ನ. ಆದರೆ ಮೂರು ಮೊಟ್ಟೆ ನಾಲ್ವರಿಗೆ ಹಂಚಿದರೆ ತಲೆಗೆ ನಾಲ್ಕೂವರೆ ಗ್ರಾಂ ಪ್ರೋಟೀನ್ ಅಷ್ಟೇ. ಬಟ್ಟಲು ತುಂಬಿತು ಅಂತ ಸಾರಿಗೆ ಬೇಳೆ ಹಾಕುವುದನ್ನು ಬಿಡಬೇಡಿ.

ಒಂದು ಕೋಳಿ, ಮೂರು ದಿನ

ಇಷ್ಟೆಲ್ಲ ಓದಿ ಕೊನೆಗೆ ನಾಳೆ ಏನು ಮಾಡಲಿ ಎನ್ನುವವರಿಗೆ, ಮಾಂಸ ತಿನ್ನುವ ಮನೆಯಾದರೆ ನಾನು ಹೇಳುವ ಸರಣಿ ಇದು. ಇಡೀ ಕೋಳಿ ತನ್ನಿ. ಮೊದಲ ದಿನ ಕಾಲು, ತೊಡೆ, ರೆಕ್ಕೆಗಳ ಅಡೋಬೊ: ಅರ್ಧ ಲೋಟ ವಿನೆಗರ್, ಅದಕ್ಕಿಂತ ಸ್ವಲ್ಪ ಕಡಿಮೆ ಸೋಯಾ ಸಾಸ್, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ ಜಜ್ಜಿದ್ದು, ಕಾಳುಮೆಣಸು, ಎರಡು ಎಲೆ, ಒಂದು ಲೋಟ ನೀರು. ವಿನೆಗರಿನ ಹಸಿ ಘಾಟು ಕುದಿದು ಹೋಗುವವರೆಗೆ ಕಲಕಬಾರದು ಎನ್ನುವುದು ಫಿಲಿಪಿನೋ ಮನೆಗಳ ರೂಢಿ. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಪಕ್ಕದ ಒಲೆಯಲ್ಲಿ ಅದೇ ಹೊತ್ತಿಗೆ ಬೆನ್ನುಮೂಳೆ, ಕುತ್ತಿಗೆ, ಶುಂಠಿ ಹಾಕಿ ಸಾರು ಕಾಯಲಿ. ಆರಿದ ಮೇಲೆ ಅದನ್ನು ಫ್ರಿಜ್ಜಿಗೆ, ತೊಳೆದ ಒಂದು ಲೋಟ ಅಕ್ಕಿಯನ್ನು ಫ್ರೀಜರಿಗೆ.

ಎರಡನೇ ದಿನ ಆ ಸಾರಿನಲ್ಲಿ ಗಂಜಿ, ಎದೆಯ ಮಾಂಸವನ್ನು ತೆಳ್ಳಗೆ ಹೆಚ್ಚಿ ಕಾರ್ನ್‌ಫ್ಲೋರ್ ಹಚ್ಚಿ ಕೊನೆಯ ಐದು ನಿಮಿಷಕ್ಕೆ ಒಳಗೆ ಬಿಡಿ, ಅದರಲ್ಲೇ ಬೇಯುತ್ತದೆ. ಅವತ್ತೇ ಸಂಜೆ ಎರಡು ಲೋಟ ಅನ್ನ ಹೆಚ್ಚಿಗೆ ಮಾಡಿ ಆರಿಸಿ ಎತ್ತಿಡಿ.

ಮೂರನೇ ದಿನಕ್ಕೆ ಅಡೋಬೊ ಪಾತ್ರೆಯ ತಳದಲ್ಲಿ ಹೆಪ್ಪುಗಟ್ಟಿದ ಕೊಬ್ಬು, ಕಪ್ಪನೆಯ ರಸ, ಎಲ್ಲೋ ಅಂಟಿಕೊಂಡ ಎರಡು ಎಳೆ ಮಾಂಸ ಉಳಿದಿರುತ್ತದೆ. ಆ ಕೊಬ್ಬಿನಲ್ಲೇ ಬೆಳ್ಳುಳ್ಳಿ ಕೆಂಪಗೆ ಹುರಿದು, ಎತ್ತಿಟ್ಟ ಅನ್ನ ಉದುರಿಸಿ, ರಸವನ್ನು ಬಾಣಲೆಯ ಅಂಚಿನ ಸುತ್ತ ಸುರಿಯಿರಿ. ಚೊಂಯ್ ಎನ್ನಬೇಕು. ಬೇರೆ ಉಪ್ಪು ಬೇಡ.